ಪಕ್ಕದ ಮನೆಯವರ ಹೆಸರು ಗೊತ್ತೆ?

(ಶಹಾಪುರದಲ್ಲಿ ವಿದ್ಯಾರ್ಥಿಗಳ ಸೇವಾ ಶಿಬಿರವೊಂದರಲ್ಲಿ ನಮ್ಮ ಯಾದಗಿರಿ ವರದಿಗಾರರು ಮಾಡಿದ ಭಾಷಣದ ಬರಹರೂಪ)



ನೆರೆಹೊರೆಯ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಶಿಬಿರದ ಹಿರಿಯರು ಕೇಳಿದಾಗ ನಾನು ಹಿಂಜರಿದೆ. ವಯಸ್ಸಿನಲ್ಲಿ ನಿಮಗಿಂತ ನಾಲ್ಕೈದು ವರ್ಷ ದೊಡ್ಡವನು, ಅಷ್ಟೆ. ನಿಮಗೆ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಹಿಂಜರಿಕೆಗೆ ಇನ್ನೂ ಒಂದು ಕಾರಣವಿತ್ತು. ಈ ವಿಷಯದಲ್ಲಿ ನಾನು ಪರೀಕ್ಷೆಗೆ ಕುಳಿತು ನಪಾಸಾದವನು. ಆ ಕತೆಯನ್ನೇ ಮೊದಲು ಹೇಳಿಬಿಡುತ್ತೇನೆ.

ಯಾದಗಿರಿಯಲ್ಲಿ ಬಾಡಿಗೆ ಕೋಣೆ ಹಿಡಿದು ಒಂಬತ್ತು ತಿಂಗಳಾಗಿತ್ತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ನಮ್ಮ ಕಡೆಯ ಬಿಸಿಲನ್ನು ನಿಮಗೆ ವರ್ಣಿಸಬೇಕಾಗಿಲ್ಲ. ಊಟಕ್ಕೆಂದು ಕೋಣೆಗೆ ಬಂದಾಗ ಪಕ್ಕದ ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬರು ಗೋಡೆಗೆ ಒರಗಿ ಕುಳಿತಿದ್ದರು. ಕಣ್ಣು ಅರ್ಧ ಮುಚ್ಚಿತ್ತು. ಕರೆದರೆ ಮಾತಿಲ್ಲ, ಮುಟ್ಟಿದರೆ ಮೈ ಕೆಂಡ. 108ಕ್ಕೆ ಫೋನ್ ಮಾಡಿದೆ. ವಾಹನ ಬಂತು. ಅದರಲ್ಲಿದ್ದವರು ಕೇಳಿದರು: ‘ಹೆಸರೇನ್ರಿ ಇವರದು? ವಯಸ್ಸೆಷ್ಟು? ಶುಗರ್ ಏನರೆ ಅದ ಏನು? ಮನಿಯವ್ರು ಎಲ್ಲಿ?’ ಒಂದು ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಪತ್ರಿಕೆಯ ಮನುಷ್ಯ. ಜಿಲ್ಲೆಯ ಅಧಿಕಾರಿಗಳ ಹೆಸರು, ಹುದ್ದೆ, ಫೋನ್ ನಂಬರು ನನ್ನ ಬಳಿ ಇದ್ದವು. ನಾರಾಯಣಪುರ ಜಲಾಶಯದಿಂದ ನಿನ್ನೆ ಎಷ್ಟು ಕ್ಯೂಸೆಕ್ ನೀರು ಬಿಟ್ಟರೆಂಬುದು ಬಾಯಿಪಾಠ. ಆದರೆ ಒಂದೇ ಗೋಡೆಯ ಆಚೆ ಮಲಗಿ ಏಳುತ್ತಿದ್ದ ಜೀವದ ಹೆಸರು ಗೊತ್ತಿರಲಿಲ್ಲ. ಅಷ್ಟರಲ್ಲಿ ಎದುರು ಸಂದಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಹೆಣ್ಣುಮಗಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಹೆಸರು ಹೇಳಿದಳು. ಮುಂಜಾನೆ ಒಂದು ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಾರೆಂದಳು. ಮಗ, ಸೊಸೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ, ಮಗನ ನಂಬರು ಬಾಗಿಲ ಹಿಂದೆ ಇದ್ದಿಲಿನಿಂದ ಬರೆದಿದೆ ಎಂದು ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ‘ತಮ್ಮಾ, ನೀ ಪೇಪರಿನವ ಅಲ್ಲೇನು? ಊರ ಸುದ್ದಿ ಎಲ್ಲ ಬರಿತಿ, ಬಾಜೂ ಮನಿ ಸುದ್ದಿ ಗೊತ್ತಿಲ್ಲಾ?’ ಎಂದಳು.

ಆಯಿ ನಾಲ್ಕು ದಿನಕ್ಕೆ ಗುಣವಾಗಿ ಮನೆಗೆ ಬಂದರು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಹಿರಿಯರು ನೆರೆಯವರನ್ನು ಹೇಗೆ ಅರಿತಿದ್ದರು, ಅದಕ್ಕೆ ಯಾವ ದಾರಿಗಳನ್ನು ಮಾಡಿಕೊಂಡಿದ್ದರು, ಆ ದಾರಿಗಳು ಎಲ್ಲಿ ಕಟ್ಟಿಹೋಗಿವೆ ಎಂದು ಈ ಮೂರು ತಾಲ್ಲೂಕುಗಳಲ್ಲಿ ಸುದ್ದಿಗಾಗಿ ತಿರುಗುತ್ತಲೇ ಗಮನಿಸತೊಡಗಿದೆ. ಇವತ್ತಿನ ಮಾತು ಅದರ ಫಲ.

ಪದದಲ್ಲೇ ಇರುವ ಅರ್ಥ

‘ನೆರೆ’ ಎಂಬ ನಮ್ಮ ಕನ್ನಡ ಪದವನ್ನೇ ನೋಡಿ. ನೆರೆ ಎಂದರೆ ಹತ್ತಿರ, ಪಕ್ಕ. ಅದೇ ಕ್ರಿಯಾಪದವಾದಾಗ ಕೂಡು, ಸೇರು ಎಂದು ಅರ್ಥ. ‘ಜನ ನೆರೆದರು’ ಎನ್ನುತ್ತೇವಲ್ಲ, ಅದು. ಸಹಾಯಕ್ಕೆ ನಾವು ಬಳಸುವ ‘ನೆರವು’ ಎಂಬ ಮಾತೂ ಇದೇ ಬಳಗಕ್ಕೆ ಸೇರಿದ್ದು. ಹತ್ತಿರ ಇರುವುದು, ಕೂಡುವುದು, ಸಹಾಯಕ್ಕೆ ಬರುವುದು, ಮೂರನ್ನೂ ಭಾಷೆ ಒಂದೇ ಕುಟುಂಬದ ಪದಗಳಲ್ಲಿ ಇಟ್ಟಿದೆ. ಆದರೆ ಬದುಕಿನಲ್ಲಿ ಈ ಮೂರು ತಾವಾಗಿಯೇ ಒಟ್ಟಿಗೆ ಬರುವುದಿಲ್ಲ. ಹತ್ತಿರ ಇದ್ದವರೆಲ್ಲ ಕೂಡುವುದಿಲ್ಲ. ಕೂಡದವರಿಗೆ ನೆರವಾಗುವುದು ಹೇಗೆಂದೇ ತಿಳಿಯುವುದಿಲ್ಲ. ನಾನು ಆ ದಿನ ಆಯಿಯ ಎದುರು ನಿಂತಿದ್ದು ಹಾಗೆ. ಮನಸ್ಸಿತ್ತು, ಫೋನಿತ್ತು, ತಿಳಿವಳಿಕೆ ಇರಲಿಲ್ಲ.

ಬೂದಿಹಾಳದ ದಿಬ್ಬ

ಕೂಡುವುದು ನಮ್ಮ ನೆಲದಲ್ಲಿ ಎಷ್ಟು ಹಳೆಯದು? ಸುರಪುರ ಸೀಮೆಯ ಬೂದಿಹಾಳದಲ್ಲಿ ಒಂದು ಬೂದಿಯ ದಿಬ್ಬವಿದೆ. ಇಂಥ ದಿಬ್ಬಗಳು ರಾಯಚೂರು, ಬಳ್ಳಾರಿ ಕಡೆಯೂ ಇವೆ. ರಾಕ್ಷಸರ ಬೂದಿಯೆಂದು ಜನ ಕತೆ ಹೇಳುವುದುಂಟು. ಪುರಾತತ್ವಜ್ಞರು ಪರೀಕ್ಷಿಸಿದಾಗ ಅದು ಸೆಗಣಿಯ ಬೂದಿಯೆಂದು ತಿಳಿಯಿತು. ಸುಮಾರು 4 ಸಾವಿರ ವರ್ಷಗಳ ಹಿಂದೆ ನವಶಿಲಾಯುಗದ ದನಗಾಹಿಗಳು ದೊಡ್ಡಿ ಮಾಡಿಕೊಂಡು, ಸೆಗಣಿಯನ್ನು ಒಂದೆಡೆ ಒಟ್ಟಿ ಕಾಲಕಾಲಕ್ಕೆ ಸುಡುತ್ತಿದ್ದರು.

ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸ ಕೆ. ಪದ್ದಯ್ಯನವರು ಹುಣಸಗಿ ಕಣಿವೆಯಲ್ಲಿ ದಶಕಗಟ್ಟಲೆ ದುಡಿದವರು. 1990ರ ದಶಕದಲ್ಲಿ ಅವರು ಬೂದಿಹಾಳದಲ್ಲಿ ಉತ್ಖನನ ನಡೆಸಿದರು. ದನದ ದೊಡ್ಡಿ, ವಾಸದ ನೆಲೆ, ಕಲ್ಲಿನ ಅಲಗುಗಳನ್ನು ತಯಾರಿಸುತ್ತಿದ್ದ ಜಾಗ ಇವುಗಳ ಜತೆಗೆ, ದನಗಳನ್ನು ಕಡಿದು ಹಂಚಿದ ಒಂದು ದೊಡ್ಡ ನೆಲವೂ ಸಿಕ್ಕಿತು. ಒಂದು ಮನೆಯ ಊಟಕ್ಕೆ ಅಂಥ ನೆಲ ಬೇಡ. ಸುತ್ತಲಿನ ನೆಲೆಗಳ ಜನ ವರ್ಷದ ಕೆಲವು ಕಾಲದಲ್ಲಿ ಇಲ್ಲಿ ಕೂಡುತ್ತಿದ್ದರು, ಊಟ ಮಾಡುತ್ತಿದ್ದರು, ಕೊಟ್ಟು ತರುತ್ತಿದ್ದರು ಎಂಬ ಅಭಿಪ್ರಾಯಕ್ಕೆ ಅವರು ಬಂದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಒಂದು ಜಾತ್ರೆ. ಮಳೆ ಕೈಕೊಡುವ ಈ ನಾಡಿನಲ್ಲಿ ಯಾರ ಹತ್ತಿರ ಮೇವಿದೆ, ಯಾರ ಹತ್ತಿರ ನೀರಿದೆ ಎಂದು ತಿಳಿಯದ ದನಗಾಹಿ ಬದುಕುವುದು ಕಷ್ಟ. ಬರಗಾಲ ಬಂದ ಮೇಲೆ ಪರಿಚಯ ಮಾಡಿಕೊಳ್ಳಲಾಗುವುದಿಲ್ಲ; ಸುಗ್ಗಿಯಲ್ಲೇ ಮಾಡಿಕೊಂಡಿರಬೇಕು.

ಕೆಂಭಾವಿಯ ಭೋಗಣ್ಣ

ಮಿತ್ರರೇ, ಇಲ್ಲಿಯವರೆಗೆ ಹೇಳಿದ್ದು ಕಿವಿಗೆ ಇಂಪಾದ ಮಾತು. ಇನ್ನು ಸ್ವಲ್ಪ ಕಹಿ ಮಾತು. ‘ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು’ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಇದು ಅರ್ಧ ಸತ್ಯ. ನಮ್ಮ ಓಣಿಗಳು ಜಾತಿಯ ಪ್ರಕಾರ ಬೆಳೆದಿವೆ. ಅಗಸಿಯ ಹೊರಗಿನ ಕೇರಿಯವನ ಹೆಸರು, ಅವನ ಅಪ್ಪನ ಹೆಸರು, ಅವನ ಸಾಲದ ಮೊತ್ತ ಊರಿಗೆ ಗೊತ್ತು. ಆದರೆ ಅವನ ಮನೆಯ ಒಳಗೆ ಕುಳಿತು ನೀರು ಕುಡಿದವರು ಎಷ್ಟು ಜನ? ಗೊತ್ತಿರುವುದು ಬೇರೆ, ನೆರೆಯವನೆಂದು ಒಪ್ಪುವುದು ಬೇರೆ.

ಇದು ಹೊಸದಾಗಿ ಕಂಡುಕೊಂಡ ಸಂಗತಿಯೇನಲ್ಲ. ಸುರಪುರದ ಬಳಿಯ ಮುದನೂರು ದೇವರ ದಾಸಿಮಯ್ಯನ ಊರು. ಅಲ್ಲಿಂದ ದೂರವಲ್ಲದ ಕೆಂಭಾವಿ ಭೋಗಣ್ಣನ ಊರು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ ಭೋಗಣ್ಣನ ಕತೆ ಹೇಳುತ್ತದೆ. 1369ರಲ್ಲಿ ಭೀಮಕವಿ ಕನ್ನಡಿಸಿದ್ದು ಆ ಕಾವ್ಯವನ್ನೇ. ಕತೆ ಹೀಗಿದೆ. ಒಂದು ದಿನ ಭೋಗಣ್ಣನ ಮನೆಗೆ ಊರವರು ಅಸ್ಪೃಶ್ಯನೆಂದು ದೂರವಿಟ್ಟಿದ್ದ ಜಾತಿಯವನ ವೇಷದಲ್ಲಿ ಶಿವನೇ ಬಂದ. ಭೋಗಣ್ಣ ಅವನನ್ನು ಒಳಗೆ ಕರೆದು ಉಣಬಡಿಸಿದ. ಊರ ದೊಡ್ಡವರು ಕೆರಳಿದರು, ದೊರೆಗೆ ದೂರು ಹೋಯಿತು, ಭೋಗಣ್ಣನಿಗೆ ಊರು ಬಿಡುವ ಶಿಕ್ಷೆಯಾಯಿತು. ಭೋಗಣ್ಣ ಹೊರಟ. ಅವನ ಹಿಂದೆ ಊರಿನ ಗುಡಿಗಳಲ್ಲಿದ್ದ ಲಿಂಗಗಳೆಲ್ಲ ಉರುಳುತ್ತ ಹೊರಟವು. ಗುಡಿಗಳು ಬರಿದಾದವು. ಕಡೆಗೆ ಊರವರೇ ಹೋಗಿ ಬೇಡಿಕೊಂಡು ಅವನನ್ನು ಮರಳಿ ಕರೆತಂದರು.

ಪವಾಡವನ್ನು ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು. ಕತೆ ಕಟ್ಟಿದವರ ಮಾತು ಮಾತ್ರ ಸ್ಪಷ್ಟವಾಗಿದೆ: ನೆರೆಯವನನ್ನು ಹೊರಗಟ್ಟಿದ ಊರಿನಲ್ಲಿ ದೇವರೂ ಉಳಿಯುವುದಿಲ್ಲ. ಏಳು ನೂರು ವರ್ಷಗಳಿಂದ ಈ ಕತೆ ನಮ್ಮಲ್ಲಿದೆ. ಆದರೂ ಬಾಡಿಗೆ ಮನೆ ಹುಡುಕುವಾಗ ಇಂದಿಗೂ ಮೊದಲು ಕೇಳುವ ಪ್ರಶ್ನೆ ‘ನೀವು ಯಾವ ಮಂದಿ?’ ಎಂದೇ. ಮನೆ ಹುಡುಕಿದ ಅನುಭವ ನಿಮ್ಮಲ್ಲಿ ಹಲವರಿಗೆ ಇರಬಹುದು, ನನಗೂ ಇದೆ.

ಟೇಲರ್ ಮತ್ತು ಬಾಲಕ ರಾಜ

ಸುರಪುರಕ್ಕೆ ಹೋದವರು ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿರುತ್ತೀರಿ. 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಮನೆ ಅದು. ನಿಜಾಮರ ಸೇವೆಯಲ್ಲಿದ್ದ ಅವನು 1841ರಲ್ಲಿ ಸುರಪುರಕ್ಕೆ ಬಂದ. ಸಂಸ್ಥಾನದ ವಾರಸುದಾರ ವೆಂಕಟಪ್ಪ ನಾಯಕ ಆಗ ಸಣ್ಣ ಹುಡುಗ. ಅವನು ಪ್ರಾಯಕ್ಕೆ ಬರುವ ತನಕ, ಅಂದರೆ 1853ರವರೆಗೆ, ಟೇಲರನೇ ಆಡಳಿತದ ಮೇಲ್ವಿಚಾರಣೆ ನೋಡಿಕೊಂಡ. ಬೋನಾಳದಂಥ ಕೆರೆಗಳ ಕೆಲಸ ಮಾಡಿಸಿದ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಬೃಹತ್ ಶಿಲಾಯುಗದ ಬಂಡೆಗಳನ್ನು ವಿದ್ವಾಂಸರ ಗಮನಕ್ಕೆ ತಂದ. ಜನರ ನಡುವೆ ಓಡಾಡಿ, ಅವರ ಕತೆ ಕೇಳಿ, ಬರೆದಿಟ್ಟ. ಬಾಲಕ ರಾಜ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಇದನ್ನು ಟೇಲರನೇ ತನ್ನ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾನೆ. ಆ ಪುಸ್ತಕ ಅವನು ತೀರಿಕೊಂಡ ಮರುವರ್ಷ, 1877ರಲ್ಲಿ ಹೊರಬಂತು.

ಮುಂದಿನದು ನಿಮಗೆ ಗೊತ್ತಿರುವ ಇತಿಹಾಸ. ದೇಶದ ಬಂಡಾಯದ ಅಲೆ ಸುರಪುರಕ್ಕೂ ಬಂತು. 1858ರ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕನ ಬೇಡರ ಪಡೆ ಬ್ರಿಟಿಷ್ ಸೈನ್ಯದ ಮೇಲೆ ಬಿತ್ತು. ಸೋಲಾಯಿತು. ಹೈದರಾಬಾದಿಗೆ ಹೋದ ರಾಜ ಸೆರೆ ಸಿಕ್ಕ. ಟೇಲರ್ ಅವನನ್ನು ಸೆರೆಯಲ್ಲಿ ಭೇಟಿಯಾದ. ಮರಣದಂಡನೆ ಇಳಿದು ಇಳಿದು ಕಡೆಗೆ 4 ವರ್ಷದ ಸೆರೆವಾಸವಾಯಿತು. ಚೆಂಗಲ್ಪಟ್ಟಿಗೆ ಒಯ್ಯುವಾಗ ದಾರಿಯಲ್ಲೇ ಆ ತರುಣ ಗುಂಡೇಟಿನಿಂದ ಸತ್ತ. ಸಂಸ್ಥಾನ ನಿಜಾಮರ ಪಾಲಾಯಿತು.

ಈ ಕತೆಯನ್ನು ನಾನೇಕೆ ಇಲ್ಲಿ ಎತ್ತಿದೆ? ಹನ್ನೆರಡು ವರ್ಷ ಒಂದೇ ಊರಿನಲ್ಲಿದ್ದು ಟೇಲರ್ ಸುರಪುರವನ್ನು ನಮ್ಮಲ್ಲಿ ಅನೇಕರಿಗಿಂತ ಚೆನ್ನಾಗಿ ಅರಿತಿದ್ದ. ಅವನ ಪ್ರೀತಿ ಸುಳ್ಳಲ್ಲ. ಆದರೂ ಅವನು ಮೇಲೆ ಕುಳಿತು ಕೆಳಗಿನವರನ್ನು ಅರಿತವನು. ಒಬ್ಬನ ಕೈಯಲ್ಲಿ ಅಧಿಕಾರವಿದ್ದು ಇನ್ನೊಬ್ಬನು ಅದಕ್ಕೆ ಒಳಪಟ್ಟವನಾದಾಗ ಪರಿಚಯಕ್ಕೆ ಒಂದು ಮಿತಿ ಇರುತ್ತದೆ. ಕಷ್ಟದ ದಿನ ಬಂದಾಗ ಇಬ್ಬರೂ ಎರಡು ದಡದಲ್ಲಿ ನಿಂತರು. ನೆರೆತನಕ್ಕೆ ಸರಿಸಮನಾಗಿ ಕೂರುವ ಒಂದು ಕಟ್ಟೆ ಬೇಕು. ಅಂಥ ಕಟ್ಟೆಗಳನ್ನು ನಮ್ಮ ಜನ ತಾವೇ ಕಟ್ಟಿಕೊಂಡಿದ್ದರು.

ಪರಿಚಯ ಮಾಡಿಸುವ ಹಬ್ಬಗಳು

ಎಳ್ಳಮಾವಾಸ್ಯೆಯನ್ನು ತೆಗೆದುಕೊಳ್ಳಿ. ಹಿಂಗಾರಿನ ಜೋಳ ಎದೆಯುದ್ದ ನಿಂತ ಹೊತ್ತಿನಲ್ಲಿ ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತೇವೆ. ಇದರ ವಿಶೇಷ ಪೂಜೆಯಲ್ಲಷ್ಟೇ ಇಲ್ಲ. ಆ ದಿನ ಹೊಲವಿದ್ದವರು ಹೊಲವಿಲ್ಲದವರನ್ನು ಕರೆಯಬೇಕು. ‘ನಮ್ಮ ಹೊಲಕ್ಕ ಬರ್ರಿ’ ಎಂದು ಬಾಜೂ ಮನೆಯವರಿಗೆ, ಮಾಸ್ತರರಿಗೆ, ಬ್ಯಾಂಕಿನವರಿಗೆ, ಹೊಸದಾಗಿ ಊರಿಗೆ ಬಂದವರಿಗೆ ಹೇಳಬೇಕು. ದಸರೆಯಲ್ಲಿ ಬನ್ನಿ ಹಿಡಿದು ಮನೆಮನೆಗೆ ಹೋಗುವುದು, ಸಂಕ್ರಮಣಕ್ಕೆ ಕುಸುರೆಳ್ಳು ಹಂಚುವುದು ಇವೂ ಅಂಥವೇ. ವರ್ಷವಿಡೀ ಮಾತು ಬಿಟ್ಟವರೂ ಬನ್ನಿ ಕೊಡುವ ನೆಪದಲ್ಲಿ ಹೊಸ್ತಿಲು ದಾಟಬಹುದು. ಮುರಿದ ಮಾತನ್ನು ಮಾನ ಕಳೆದುಕೊಳ್ಳದೆ ಜೋಡಿಸಲು ಹಿರಿಯರು ಕ್ಯಾಲೆಂಡರಿನಲ್ಲೇ ಜಾಗ ಮಾಡಿಟ್ಟಿದ್ದರು.

ಇನ್ನು ಮೊಹರಂ. ಕಲ್ಯಾಣ ಕರ್ನಾಟಕದಲ್ಲಿ ಒಂದೇ ಒಂದು ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರನ್ನು ಕೂರಿಸುತ್ತಾರೆ. ಕುಣಿ ತೋಡುವವರು ಒಬ್ಬರು, ಕಟ್ಟಿಗೆ ಕೊಡುವವರು ಇನ್ನೊಬ್ಬರು, ಹಲಗೆ ಬಾರಿಸುವವರು ಮತ್ತೊಬ್ಬರು, ರಿವಾಯತ್ ಪದ ಹಾಡುವವರು ಮಗದೊಬ್ಬರು. ಕರ್ಬಲದ ದುಃಖವನ್ನು ಕನ್ನಡದಲ್ಲಿ ಹಾಡುವ ಆ ಗಾಯಕರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಹರಕೆ ಹೊತ್ತು ಫಕೀರರಾದ ಮಕ್ಕಳು ಮನೆಮನೆಗೆ ಹೋಗುತ್ತಾರೆ. ಹೀಗೆ ಮಗು ತನ್ನ ಊರಿನ ಎಲ್ಲ ಬಾಗಿಲುಗಳನ್ನೂ ನೋಡುತ್ತದೆ.

ಕೃಷ್ಣೆಯ ದಂಡೆಯ ತಿಂಥಣಿಗೆ ಹೋದರೆ ಇದೇ ಮಾತು ಇನ್ನೊಂದು ರೂಪದಲ್ಲಿ ಕಾಣುತ್ತದೆ. ಅಲ್ಲಿಯ ಮೌನೇಶ್ವರ ವಿಶ್ವಕರ್ಮ ಸಮಾಜದ ಸಂತ. ಅವನನ್ನೇ ಮೌನೋದ್ದೀನ್ ಎಂದು ಕರೆದು ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಜಾತ್ರೆಯಲ್ಲಿ ಒಂದೇ ಜಯಕಾರ, ಒಂದೇ ಹೊಳೆಯ ಸ್ನಾನ. ಪಕ್ಕದವನ ದೇವರ ಹೆಸರು ನಮ್ಮ ಬಾಯಲ್ಲಿ ಬರುವಂತಾದರೆ ಅವನ ಮೇಲೆ ಕಲ್ಲೆತ್ತುವ ಕೈ ಸ್ವಲ್ಪವಾದರೂ ತಡೆಯುತ್ತದೆ. ‘ಸ್ವಲ್ಪವಾದರೂ’ ಎಂದೇ ಹೇಳುತ್ತಿದ್ದೇನೆ. ಹಬ್ಬದ ದಿನ ಕೂಡಿ ಕುಣಿದು ಮರುದಿನ ಕೇರಿಯನ್ನು ಮರೆಯುವವರೂ ನಾವೇ. ಹಬ್ಬ ಬಾಗಿಲು ತೆರೆದುಕೊಡುತ್ತದೆ. ಒಳಗೆ ಹೋಗುವ ಕೆಲಸ ಉಳಿದ 360 ದಿನಗಳದು.

ಶಿಕಾಗೋದ ಬಿಸಿಲು

ಇದೆಲ್ಲ ಭಾವನೆಯ ಮಾತು, ಲೆಕ್ಕವೇನಾದರೂ ಇದೆಯೇ ಎಂದು ನಿಮ್ಮಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಕೇಳಬಹುದು. ಲೆಕ್ಕ ದೂರದ ಅಮೆರಿಕದಲ್ಲಿದೆ. 1995ರ ಜುಲೈಯಲ್ಲಿ ಶಿಕಾಗೋ ನಗರದಲ್ಲಿ ಭಾರಿ ಬಿಸಿಗಾಳಿ ಬೀಸಿ, ಒಂದು ವಾರದಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹಳಷ್ಟು ಮಂದಿ ಒಂಟಿಯಾಗಿದ್ದ ಮುದುಕರು. ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ ಇದನ್ನು ಅಧ್ಯಯನ ಮಾಡಿ 2002ರಲ್ಲಿ ಪುಸ್ತಕ ಪ್ರಕಟಿಸಿದ.

ಅವನು ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿದ. ಒಂದು ನಾರ್ತ್ ಲಾನ್‌ಡೇಲ್, ಇನ್ನೊಂದು ಸೌತ್ ಲಾನ್‌ಡೇಲ್. ಎರಡರಲ್ಲೂ ಬಡವರು, ಎರಡರಲ್ಲೂ ಒಂಟಿ ಮುದುಕರು, ಬಿಸಿಲೂ ಒಂದೇ. ಆದರೆ ಮೊದಲನೆಯದರಲ್ಲಿ ಲಕ್ಷಕ್ಕೆ 40 ಜನ ಸತ್ತರೆ, ಎರಡನೆಯದರಲ್ಲಿ ಲಕ್ಷಕ್ಕೆ ನಾಲ್ವರೂ ಸಾಯಲಿಲ್ಲ. ಕಾರಣಗಳಲ್ಲಿ ಮುಖ್ಯವಾದದ್ದು ಬೀದಿ. ಸೌತ್ ಲಾನ್‌ಡೇಲ್‌ನಲ್ಲಿ ಅಂಗಡಿಗಳಿದ್ದವು, ಸಂತೆಯಂಥ ಗದ್ದಲವಿತ್ತು, ಮುದುಕರು ಹೊರಬಂದು ನಾಲ್ವರ ಮುಖ ನೋಡುತ್ತಿದ್ದರು. ನಾರ್ತ್ ಲಾನ್‌ಡೇಲ್‌ನಲ್ಲಿ ಕಾರ್ಖಾನೆಗಳು ಮುಚ್ಚಿ, ಜನ ಬಿಟ್ಟುಹೋಗಿ, ಬೀದಿ ಬಿಕೋ ಎನ್ನುತ್ತಿತ್ತು. ಮುದುಕರು ಅಂಜಿ ಬಾಗಿಲು ಹಾಕಿಕೊಂಡು ಒಳಗೇ ಉಳಿದರು. ಗಮನಿಸಿ, ಒಂದು ಬಡಾವಣೆಯ ಜನ ಒಳ್ಳೆಯವರು, ಇನ್ನೊಂದರವರು ಕೆಟ್ಟವರು ಎಂದಲ್ಲ. ಮುಖ ನೋಡುವ ಜಾಗ ಒಂದು ಕಡೆ ಉಳಿದಿತ್ತು, ಇನ್ನೊಂದು ಕಡೆ ಅಳಿದಿತ್ತು.

ಇದನ್ನು ಓದಿದಾಗ ನನಗೆ ನಮ್ಮ ಓಣಿಯ ರೊಟ್ಟಿ ಮಾರುವ ಅಕ್ಕ ಕಣ್ಣಮುಂದೆ ಬಂದಳು. ದಿನಾ ರೊಟ್ಟಿಗೆ ಬರುವವರಲ್ಲಿ ಯಾರು ಬಂದಿಲ್ಲವೆಂದು ಅವಳಿಗೆ ತಿಳಿಯುತ್ತದೆ. ಆ ಒಂದು ಒಲೆ ಓಣಿಯ ಹಾಜರಿ ಪುಸ್ತಕ.

ಬೀಗ ಹಾಕಿದ ಮನೆಗಳು

2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರೆಯಾಗಿ ನಮ್ಮದು ಹೊಸ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಇಲ್ಲಿಯ ಜನಸಂಖ್ಯೆ ಸುಮಾರು 11.74 ಲಕ್ಷ. ಸಾಕ್ಷರತೆಯಲ್ಲಿ ರಾಜ್ಯಕ್ಕೇ ಕೊನೆಯ ಸ್ಥಾನ. ಹೊಟ್ಟೆಪಾಡಿಗೆ ಬೆಂಗಳೂರು, ಪುಣೆ, ಮುಂಬೈ ಕಡೆ ಗುಳೆ ಹೋಗುವುದು ನಮ್ಮ ಹಳ್ಳಿಗಳಲ್ಲಿ ವರ್ಷದ ಒಂದು ಋತುವೇ ಆಗಿಬಿಟ್ಟಿದೆ. ಗುಳೆ ಹೋದ ಮನೆಯ ಬೀಗವನ್ನು ನೋಡಿ. ಅದರ ಕೀಲಿಕೈ ಯಾರ ಕೈಯಲ್ಲಿರುತ್ತದೆ? ಪಕ್ಕದ ಮನೆಯವರ ಕೈಯಲ್ಲಿ. ಹಿಂದೆ ಉಳಿದ ಮುದುಕರು, ಶಾಲೆಗೆ ಹೋಗುವ ಮಕ್ಕಳು ಯಾರ ಕಣ್ಣಳತೆಯಲ್ಲಿರುತ್ತಾರೆ? ಅವರದೇ ಕಣ್ಣಳತೆಯಲ್ಲಿ. ಬೆಂಗಳೂರಿನ ಗಗನಚುಂಬಿ ಕಟ್ಟಡಗಳಿಗೆ ಯಾದಗಿರಿಯ ಓಣಿಯ ನೆರೆತನ ಅಡಿಪಾಯವಾಗಿದೆ ಎಂದರೆ ಅತಿಶಯೋಕ್ತಿಯಲ್ಲ. ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ಆ ನೆರೆತನ 2020ರಲ್ಲಿ ಕಠಿಣ ಪರೀಕ್ಷೆಗೆ ಒಳಗಾಯಿತು. ಕೊರೋನಾ ಕಾಲದಲ್ಲಿ ಲಾಕ್‌ಡೌನ್ ಆಗಿ ಗುಳೆ ಹೋದವರು ಮರಳಿದಾಗ, ಕೆಲವು ಕಡೆ ಹಾದಿಗೆ ಮುಳ್ಳು ಹಚ್ಚಿದರು. ನಿನ್ನೆಯವರೆಗೆ ಕೀಲಿಕೈ ಕಾದವರೇ ಇಂದು ಬಾಗಿಲು ಹಾಕಿಕೊಂಡರು. ಅಂಜಿಕೆ ಸಹಜ. ಆದರೆ ಅದೇ ಊರುಗಳಲ್ಲಿ ಶಾಲೆಯ ಕಟ್ಟಡದಲ್ಲಿ ಉಳಿದವರಿಗೆ ರೊಟ್ಟಿ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟುಬಂದವರೂ ಇದ್ದರು. ಅಂಜಿದವರೂ ಅವರೇ, ರೊಟ್ಟಿ ಕೊಟ್ಟವರೂ ಅವರೇ. ಅಂಜಿಕೆಯನ್ನು ಗೆಲ್ಲಿಸಿದ್ದು ಹಳೆಯ ಪರಿಚಯ.

ಇನ್ನೊಂದು ಸಂಗತಿ. ನಾರಾಯಣಪುರದ ಕಾಲುವೆಗೆ ನೀರು ಬಂದ ಮೇಲೆ ಸುರಪುರ, ಶಹಾಪುರ ಸೀಮೆಗೆ ಆಂಧ್ರದ ರೈತರು ಬಂದು ಭತ್ತ ಬೆಳೆಯತೊಡಗಿದರು. ಅವರು ನೆಲೆಸಿದ ಜಾಗಗಳಿಗೆ ‘ಕ್ಯಾಂಪು’ ಎಂದೇ ಹೆಸರು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಈಗ ಕನ್ನಡ ಶಾಲೆ ಕಲಿತು ನಿಮ್ಮ ಪಕ್ಕದ ಬೆಂಚಿನಲ್ಲಿ ಕುಳಿತಿರಬಹುದು. ಆದರೂ ನಮ್ಮ ಬಾಯಲ್ಲಿ ಅವರು ‘ಕ್ಯಾಂಪಿನವರು’. ಅವರ ಬಾಯಲ್ಲಿ ನಾವು ‘ಊರವರು’. ಬೆಂಗಳೂರಿನ ಗುಡಿಸಲುಗಳಲ್ಲಿ ನಮ್ಮವರನ್ನು ಯಾರಾದರೂ ಹೆಸರು ಹಿಡಿದು ಕರೆಯಲಿ ಎಂದು ಬಯಸುವ ನಾವು, ನಮ್ಮ ಊರಿಗೆ ಬಂದವರ ಹೆಸರು ಕೇಳುವುದು ಬೇಡವೆ?

ಸರ್ಕಾರಕ್ಕೆ ವಿನಾಯಿತಿ ಇಲ್ಲ

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಕೃಷ್ಣಾ ನದಿಯ ನಡುಗಡ್ಡೆ ನೀಲಕಂಠರಾಯನಗಡ್ಡಿಯ ಸುದ್ದಿ 2014ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಹೊಳೆ ತುಂಬಿ ಹರಿಯುತ್ತಿದ್ದಾಗ ಒಂಬತ್ತು ತಿಂಗಳ ಗರ್ಭಿಣಿಯೊಬ್ಬಳು ಸೋರೆಬುರುಡೆ ಕಟ್ಟಿಕೊಂಡು, ತನ್ನವರ ಆಸರೆಯಲ್ಲಿ ಈಜಿ ದಡ ಸೇರಿದಳು. ಅವಳ ಧೈರ್ಯವನ್ನು ಎಲ್ಲರೂ ಹೊಗಳಿದೆವು. ಆದರೆ ಅವಳು ಈಜಬೇಕಾಗಿ ಬಂದದ್ದೇ ನಾಚಿಕೆಯ ಸಂಗತಿ. ಸೇತುವೆ, ಆಸ್ಪತ್ರೆ, ಉದ್ಯೋಗ ಕೊಡಬೇಕಾದ್ದು ಸರ್ಕಾರ. ‘ನಮ್ಮ ಜನ ಒಬ್ಬರಿಗೊಬ್ಬರು ಆಗುತ್ತಾರೆ’ ಎಂಬ ಹೊಗಳಿಕೆಯನ್ನು ನೆಪ ಮಾಡಿಕೊಂಡು ಯಾರೂ ಕೈ ತೊಳೆದುಕೊಳ್ಳಬಾರದು. ಒಂದು ಮಾತು ಮಾತ್ರ ನಿಜ: ಒಬ್ಬರನ್ನೊಬ್ಬರು ಅರಿತ ಓಣಿಯವರು ನಲ್ಲಿ ನೀರಿಗಾಗಲಿ, ದೀಪಕ್ಕಾಗಲಿ ಒಟ್ಟಾಗಿ ಹೋಗಿ ಕೇಳುತ್ತಾರೆ. ಅರಿಯದವರು ಒಬ್ಬೊಬ್ಬರೇ ಗೊಣಗುತ್ತಾರೆ. ಅರ್ಜಿಯ ಕೆಳಗೆ 40 ಸಹಿ ಇದ್ದಾಗ ಕಚೇರಿಯಲ್ಲಿ ಕುರ್ಚಿ ಸರಿಸುವ ಸದ್ದು ಬೇರೆಯೇ ಆಗಿರುತ್ತದೆ. ಇದು ನಾನು ಕಣ್ಣಾರೆ ಕಂಡದ್ದು.

ಇನ್ನೊಂದು ಆಕ್ಷೇಪಣೆ ಹೆಣ್ಣುಮಕ್ಕಳ ಕಡೆಯಿಂದ ಬರಬಹುದು, ಬರಬೇಕು. ‘ಓಣಿಯವರಿಗೆ ನಮ್ಮ ಸುದ್ದಿ ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತು, ಎಷ್ಟೊತ್ತಿಗೆ ಬಂದೆ, ಯಾರ ಜತೆ ಮಾತಾಡಿದೆ ಎಂಬ ಲೆಕ್ಕ ಇಡುತ್ತಾರೆ’ ಎಂದು. ಒಪ್ಪುತ್ತೇನೆ. ಅದು ಪರಿಚಯವಲ್ಲ, ಕಾವಲು. ನೆರೆಯವರನ್ನು ಅರಿಯುವುದೆಂದರೆ ಅವರ ಕಿಟಕಿಯಲ್ಲಿ ಇಣುಕುವುದಲ್ಲ. ಕಷ್ಟ ಬಂದಾಗ ಅವರು ಅಂಜದೆ ನಮ್ಮ ಬಾಗಿಲು ಬಡಿಯುವಂತೆ ಇರುವುದು. ನಮ್ಮ ಪರಿಚಯದಿಂದ ಪಕ್ಕದ ಮನೆಯ ಹುಡುಗಿಗೆ ಧೈರ್ಯ ಬಂದರೆ ಅದು ನೆರೆತನ. ಅಂಜಿಕೆ ಹುಟ್ಟಿದರೆ ನಾವು ದಾರಿ ತಪ್ಪಿದ್ದೇವೆ.

ನಾಲ್ಕು ಕೆಲಸ

ಶಿಬಿರವೆಂದ ಮೇಲೆ ಕೆಲಸ ಇರಬೇಕು. ನಾಲ್ಕು ಸಣ್ಣ ಕೆಲಸ ಹೇಳುತ್ತೇನೆ. ಒಂದು, ನಿಮ್ಮ ಮನೆಯ ಎಡಕ್ಕೆ ಎರಡು, ಬಲಕ್ಕೆ ಎರಡು, ಎದುರಿಗೆ ಒಂದು, ಹೀಗೆ ಐದು ಮನೆಯವರ ಹೆಸರು ತಿಳಿಯಿರಿ. ಎರಡು, ಆ ಮನೆಗಳಲ್ಲಿ ಒಂಟಿ ಮುದುಕರಿದ್ದರೆ ಅವರ ಮಕ್ಕಳ ಫೋನ್ ನಂಬರು ಬರೆದುಕೊಳ್ಳಿ. ನಿಮ್ಮ ನಂಬರನ್ನು ಅವರ ಬಾಗಿಲ ಹಿಂದೆ ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಮೂರು, ಬೇಸಿಗೆಯಲ್ಲಿ ದಿನಕ್ಕೊಂದು ಸಲ ‘ನೀರು ಕುಡಿದ್ಯಾ ಆಯಿ?’ ಎಂದು ಕೇಳಿ. ನಾಲ್ಕು, ಮುಂದಿನ ಎಳ್ಳಮಾವಾಸ್ಯೆಗೆ ನಿಮ್ಮ ಮನೆಯವರು ಇದುವರೆಗೆ ಕರೆಯದ ಒಂದು ಮನೆಯನ್ನು ಊಟಕ್ಕೆ ಕರೆಯಿರಿ. ನಾಲ್ಕನೆಯದು ಸುಲಭವಲ್ಲ. ಮನೆಯಲ್ಲಿ ಮಾತು ಬರಬಹುದು. ಬಂದಾಗ ಕೆಂಭಾವಿಯ ಕತೆ ಹೇಳಿ. ಅದು ನಮ್ಮ ಸೀಮೆಯದೇ ಕತೆ.

ನನ್ನ ವಿಷಯಕ್ಕೆ ಬಂದರೆ, ಈಗ ನಾನು ಸಂಜೆ ಕೋಣೆಗೆ ಬಂದಾಗ ಆಯಿ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ‘ಏನಪಾ, ಪೇಪರಿನ್ಯಾಗ ಇವತ್ತ ಏನ್ ಬಂದದ?’ ಎಂದು ಕೇಳುತ್ತಾರೆ. ಅವರಿಗೆ ಓದಲು ಬರುವುದಿಲ್ಲ. ನಾನು ಬರೆದದ್ದನ್ನು ನಾನೇ ಓದಿ ಹೇಳುತ್ತೇನೆ. ‘ಇದು ಸುಳ್ಳದ, ಹಂಗ ಆಗಿಲ್ಲ’ ಎಂದು ಅವರು ಎರಡು ಸಲ ತಿದ್ದಿದ್ದಾರೆ. ಎರಡು ಸಲವೂ ಅವರ ಮಾತೇ ಸರಿಯಾಗಿತ್ತು. ಮೂರು ತಾಲ್ಲೂಕು ಸುತ್ತಿ ಸುದ್ದಿ ತರುವ ನನಗೆ, ಗೋಡೆಯ ಆಚೆಯೇ ಒಬ್ಬ ಸಂಪಾದಕಿ ಇದ್ದದ್ದು ಒಂಬತ್ತು ತಿಂಗಳು ಗೊತ್ತಾಗಿರಲಿಲ್ಲ.

ನೀವು ಅಷ್ಟು ತಡ ಮಾಡಬೇಡಿ.